ಬಬಲೇಶ್ವರದ ಸಂತೆ, ದಿಲ್ಲಿಯ ತೀರ್ಪು

ಮನುಷ್ಯನ ತಲೆ ಒಡೆಯುವ ಸದ್ದನ್ನು ನಾನು ಮೊದಲು ಕೇಳಿದ್ದು ಬಬಲೇಶ್ವರದ ಸಂತೆಯಲ್ಲಿ. ಹಸಿ ಮಣ್ಣಿನ ಹೆಂಟೆ ಮಾಳಿಗೆಯಿಂದ ಅಂಗಳಕ್ಕೆ ಬಿದ್ದ ಹಾಗಿತ್ತು. ಅಷ್ಟು ಮೆತ್ತಗೆ. ಸುತ್ತ ಅಷ್ಟು ಜನ ಕೂಗುತ್ತಿದ್ದರೂ ನನಗೆ ಅದೊಂದೇ ಕೇಳಿಸಿತು.

ಬ್ರಿಟಿಷರು ದೇಶ ಬಿಟ್ಟು ಹೋಗಬೇಕೆಂದು ಊರೂರಲ್ಲಿ ಗದ್ದಲ ಎದ್ದಿದ್ದ ವರ್ಷ ಅದು. ನನ್ನ ತವರುಮನೆ ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅಪ್ಪ ಜಿಲ್ಲಾ ಕೋರ್ಟಿನ ವಕೀಲರು. ನನ್ನನ್ನು ತಿಕೋಟಾದ ಒಕ್ಕಲು ಮನೆಗೆ ಕೊಟ್ಟಿದ್ದರು. ನಮ್ಮನೆಯವರು ಮ್ಯಾಟ್ರಿಕ್ ಓದಿ, ನೌಕರಿ ಬೇಡವೆಂದು ಹೊಲಕ್ಕೆ ಮರಳಿದವರು. ಖಾದಿ ಅಂಗಿ ಹಾಕುತ್ತಿದ್ದರು, ಭಾಷಣ ಮಾಡುತ್ತಿರಲಿಲ್ಲ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಾವ ತೀರಿಹೋಗಿದ್ದರು.

ಅವತ್ತು ಒಂದು ಎತ್ತು ಕೊಳ್ಳಲು ಮೂವರೂ ಗಾಡಿ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೋಗಿದ್ದೆವು. ಸಂತೆಯ ನಡುವೆ ಒಂದು ಮೆರವಣಿಗೆ ಬಂತು. ಮುಂದೆ ಬಾವುಟ ಹಿಡಿದವನು ಒಬ್ಬ ಸಾಲಿ ಮಾಸ್ತರ. ಪೋಲೀಸ ಫೌಜದಾರ ಎದುರು ನಿಂತು ಬಾವುಟ ಇಳಿಸು ಅಂದ. ಮಾಸ್ತರ ಇಳಿಸಲಿಲ್ಲ. ಫೌಜದಾರನ ಬಾಯಿಂದ ಇನ್ನೊಂದು ಮಾತು ಬರಲಿಲ್ಲ, ಲಾಠಿ ಮಾಸ್ತರನ ಬಾಯಿಯ ಮೇಲೆ ಬಿತ್ತು. ಹಲ್ಲುಗಳು ಮಣ್ಣಿನಲ್ಲಿ ಬಿದ್ದವು. ಆಮೇಲೆ ಪೋಲೀಸರು ಸಿಕ್ಕಸಿಕ್ಕವರನ್ನು ಹೊಡೆಯತೊಡಗಿದರು. ಬಳೆ ಮಾರುವ ಮುದುಕಿಯ ಬುಟ್ಟಿಯ ಮೇಲೆ ಒಬ್ಬ ಬಿದ್ದ. ಅವಳು ಎದ್ದಾಗ ಮೊಣಕೈ ತನಕ ಗಾಜು ಚುಚ್ಚಿತ್ತು.

ಕಲ್ಲು ತೂರಿದ್ದು ಆಮೇಲೆ. ನಮ್ಮನೆಯವರೂ ತೂರಿದರು. ನಾನು ಗಾಡಿಯ ಮೇಲೆ ನಿಂತಿದ್ದೆ, ನೋಡಿದೆ. ಬಗ್ಗಿ ಒಂದು ಕಲ್ಲು ಎತ್ತಿ ಪೋಲೀಸರ ಗುಂಪಿನ ಕಡೆಗೆ ಒಗೆದರು. ಅತ್ತೆ ನನ್ನ ಸೆರಗು ಹಿಡಿದೆಳೆದು ಗಾಡಿಯ ಕೆಳಗೆ ಕೂರಿಸಿದರು. ಅಲ್ಲಿಂದ ಕಾಲುಗಳಷ್ಟೇ ಕಾಣುತ್ತಿದ್ದವು. ಒಬ್ಬ ಪೋಲೀಸ ತನ್ನವರಿಂದ ಬೇರೆಯಾಗಿ ಮಡಕೆ ಮಾರುವವರ ಸಾಲಿನಲ್ಲಿ ಎಡವಿ ಬಿದ್ದ. ಅವನ ಮುಖ ನನಗೆ ನೇರವಾಗಿ ಕಂಡಿತು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಹತ್ತಾರು ಕಾಲುಗಳು ಅವನನ್ನು ಮುತ್ತಿದವು. ಯಾರೋ ಗಾಡಿಯ ಗೂಟ ಕಿತ್ತು ತಂದರು. ಅವನು "ಯವ್ವಾ, ಬಿಡ್ರಿ, ಯವ್ವಾ" ಅಂದ. ನಮ್ಮ ಮಾತಿನಲ್ಲೇ ಅಂದ. ಆಮೇಲೆ ಆ ಮೆತ್ತನೆಯ ಸದ್ದು.

ಅವನು ಹತ್ತಿರದ ನಿಡೋಣಿಯವನೇ, ಒಕ್ಕಲಿಗರ ಹುಡುಗ, ಹೊಸದಾಗಿ ಪೋಲೀಸ ಆದವನು ಎಂಬುದು ನಮಗೆ ತಿಳಿದದ್ದು ತಿಕೋಟಾಕ್ಕೆ ಮರಳಿದ ಮೇಲೆ. ನಮ್ಮನೆಯವರು ಊಟಕ್ಕೆ ಕೂತವರು ಕೈ ತೊಳೆದು ಎದ್ದರು.

"ನಾನೂ ಕಲ್ಲು ಒಗದೇನಿ," ಅಂದರು. "ಅದು ಯಾರಿಗೆ ಬಿತ್ತೋ ನನಗ ಗೊತ್ತಿಲ್ಲ. ಆ ಹುಡುಗನ ಹತ್ರ ಮಾತ್ರ ನಾ ಹೋಗಿಲ್ಲ."

ಆ ವಾರ ಕಳೆಯುವ ಮೊದಲೇ ಬೆಳಗಿನಲ್ಲಿ ಪೋಲೀಸರು ತಿಕೋಟಾದ ನಮ್ಮ ಮನೆಗೆ ಬಂದರು. ನಾನು ಬೀಸುತ್ತಿದ್ದೆ. ಬಾಗಿಲು ತೆಗೆಯಲು ಅತ್ತೆ ಏಳುವಷ್ಟರಲ್ಲಿ ಚಿಲಕ ಕಿತ್ತುಬಂತು. ನಮ್ಮನೆಯವರನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದರು. ಅತ್ತೆ ಮಗನ ಮೇಲೆ ಬಿದ್ದರು. ಅವರನ್ನು ಎಬ್ಬಿಸಲು ಯಾರೂ ಬಗ್ಗಲಿಲ್ಲ. ಲಾಠಿಯನ್ನು ಎರಡೂ ಕೈಯಲ್ಲಿ ಎತ್ತಿ ಅತ್ತೆಯ ಮುಂಗೈಯ ಮೇಲೆ ಹೊಡೆದರು. ಎಲುಬು ಚರ್ಮ ಹರಿದು ಹೊರಗೆ ಬಂತು. ಜೋಳದ ಚೀಲಗಳನ್ನು ಹರಿದು ಚೆಲ್ಲಿ ಮೇಲೆ ಚಿಮಣಿ ಎಣ್ಣೆ ಸುರಿದರು. ಬೀಸುವ ಕಲ್ಲು ಒಡೆಯಲು ನೋಡಿದರು, ಒಡೆಯಲಿಲ್ಲ. ಅದಕ್ಕೂ ಸಿಟ್ಟು ಬಂದು ನನ್ನ ಬೆನ್ನಿಗೆ ಬೂಟುಗಾಲಿನಿಂದ ಒದ್ದರು. ಕೊನೆಗೆ ನಮ್ಮನೆಯವರ ಕೈ ಕಟ್ಟಿ ಹಿಡಿದುಕೊಂಡು ಹೋದರು. ಓಣಿಯವರು ತಮ್ಮ ತಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ತಮ್ಮ ಸರದಿಯೂ ಬಂದೀತೆಂದು ಅವರಿಗೆ ಗೊತ್ತಿತ್ತು.

ಪೋಲೀಸರಿಗೆ ಒಬ್ಬ ಸಾಕ್ಷಿ ಬೇಕಿತ್ತು. ಬಬಲೇಶ್ವರದಲ್ಲಿ ಒಬ್ಬ ಗೌಂಡಿ ಇದ್ದ, ಮುಸಲ್ಮಾನ. ತಿಕೋಟಾದ ನಮ್ಮ ಹೊಲದ ಬಾವಿಗೆ ಕಲ್ಲು ಕಟ್ಟಿದವನು ಅವನೇ, ಹಾಗಾಗಿ ನಮ್ಮನೆಯವರ ಗುರುತು ಅವನಿಗೆ ಚೆನ್ನಾಗಿತ್ತು. ಸಂತೆಯ ದಿನ ಅವನು ಒಂದು ಅಂಗಡಿಯ ಗೋಡೆಗೆ ಗಿಲಾವು ಮಾಡುತ್ತ ಎತ್ತರದ ಅಟ್ಟಣಿಗೆಯ ಮೇಲೆ ನಿಂತಿದ್ದ. ಎಲ್ಲ ನೋಡಿದ್ದಾನೆಂದು ಅವನನ್ನು ಚಾವಡಿಗೆ ಒಯ್ದರು. ಹೊಡೆದವರು ತನಗೆ ಗುರುತಿಲ್ಲದವರು ಎಂದು ಅವನು ಹೇಳಿದ. ಅವನ ಬಲಗೈ ಬೆರಳುಗಳನ್ನು ಬಾಗಿಲಿನ ಸಂದಿಯಲ್ಲಿ ಇರಿಸಿ ಬಾಗಿಲು ಎಳೆದರು. ಮತ್ತೆ ಕೇಳಿದರು, ಮತ್ತೆ ಎಳೆದರು. ಕೊನೆಗೆ ಫೌಜದಾರನೇ ನಮ್ಮನೆಯವರ ಹೆಸರು ಹೇಳಿದ. ಗೌಂಡಿ ಹೂಂ ಅಂದ.

ಪೋಲೀಸ ಹುಡುಗನನ್ನು ಕೊಂದ ಆರೋಪದ ವಿಚಾರಣೆ ವಿಜಾಪುರದಲ್ಲಿ ನಡೆಯಿತು, ಆದರೆ ಅಪ್ಪ ದಿನಾ ಹೋಗುತ್ತಿದ್ದ ಕೋರ್ಟಿನಲ್ಲಲ್ಲ. ಯುದ್ಧಕಾಲವೆಂದು ಗವರ್ನರ್ ಜನರಲ್ ಒಂದು ಸುಗ್ರೀವಾಜ್ಞೆ ಹೊರಡಿಸಿ ಸ್ಪೆಶಲ್ ಕೋರ್ಟುಗಳನ್ನು ಮಾಡಿದ್ದರು. ಒಂದು ಸರ್ಕಾರಿ ಬಂಗಲೆಯ ಹಾಲಿನಲ್ಲಿ ಮೇಜು ಹಾಕಿಕೊಂಡು ಜಡ್ಜ ಕೂತಿದ್ದ. ಗೌಂಡಿ ಬಂದು ನಿಂತ. ಕೈಗೆ ಹಳೇ ಧೋತರದ ತುಂಡು ಸುತ್ತಿತ್ತು, ಅದು ಕಪ್ಪಾಗಿ ಒಣಗಿತ್ತು. ಫೌಜದಾರ ಅವನ ಹಿಂದೆಯೇ ನಿಂತಿದ್ದ. ಗೌಂಡಿ ನಮ್ಮನೆಯವರತ್ತ ನೋಡದೆ ಹೇಳಿಕೊಟ್ಟಷ್ಟು ಹೇಳಿದ.

ಅಪ್ಪ ಎದ್ದರು. "ಕೈಗೆ ಏನಾಗೇತಿ?"

"ಅದು ಈ ಕೇಸಿಗೆ ಬೇಕಾಗಿಲ್ಲ," ಅಂದ ಜಡ್ಜ.

"ಬೇಕಾಗೇತಿ ಸಾಹೇಬ್ರ. ಈ ಸಾಕ್ಷಿ ಹೆಂಗ ಬಂತು ಅನ್ನೂದಕ್ಕ ಬೇಕಾಗೇತಿ."

ಜಡ್ಜ ಬರೆಯುವುದನ್ನು ನಿಲ್ಲಿಸಿ ಅಪ್ಪನನ್ನು ಕೂರಲು ಹೇಳಿದ. ಗೌಂಡಿಯ ಮಾತಿನ ಸಾರವೆಂದು ಎರಡು ಸಾಲು ಬರೆದುಕೊಂಡ, ಅಷ್ಟೇ. ನನ್ನನ್ನು ಸಾಕ್ಷಿಯಾಗಿ ಕರೆಯುತ್ತೇವೆಂದರೆ ಹೆಂಡತಿ ಏನು ಹೇಳುತ್ತಾಳೆಂದು ಗೊತ್ತೇ ಇದೆ, ಬೇಡ ಅಂದ. ಊಟದ ಹೊತ್ತಿಗೆ ಮುಗಿಯಿತು. ಹತ್ತು ವರ್ಷ ಸಕ್ತ ಮಜೂರಿಯ ಜೈಲು.

ಹೊರಗೆ ಬೇವಿನ ಮರದ ಕೆಳಗೆ ನಾನು ಅಪ್ಪನನ್ನು ಕೇಳಿದೆ, "ಅಪೀಲು ಯಾವಾಗ ಹಾಕ್ತೀರಿ?"

"ಅಪೀಲಿಲ್ಲವ್ವಾ. ಆ ಸುಗ್ರೀವಾಜ್ಞೆಯೊಳಗ ಹೈಕೋರ್ಟಿನ ಬಾಗಲಾ ಮುಚ್ಚ್ಯಾರ. ಯಾರನ್ನ ನಮ್ಮ ಕೋರ್ಟಿಗೆ ಕಳಸೂದು, ಯಾರನ್ನ ಇಲ್ಲಿಗೆ ಕಳಸೂದು ಅನ್ನೂದೂ ಅಧಿಕಾರಿ ಮನಸ್ಸಿಗೆ ಬಿಟ್ಟದ್ದು."

ಅಪ್ಪ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೂವತ್ತು ವರ್ಷ ನಂಬಿದ ಕಸುಬು ಆ ಹಾಲಿನಲ್ಲಿ ಅವರ ಮುಖಕ್ಕೆ ಹೊಡೆದಂತಾಗಿತ್ತು.

ಜೈಲು ದೂರದ ಊರಿನಲ್ಲಿತ್ತು. ಮೊದಲ ಸಲ ಭೇಟಿಗೆ ಬಿಟ್ಟಾಗ ಬಂದು ನಿಂತವರನ್ನು ನಾನು ಗುರುತಿಸಲಿಲ್ಲ. ಕೈದಿಗಳು ಹುಳ ಬಿದ್ದ ರೊಟ್ಟಿ ಬೇಡವೆಂದು ಕೂತಿದ್ದರಂತೆ. ವಾರ್ಡರುಗಳು ಸಾಲಾಗಿ ನಿಲ್ಲಿಸಿ ಹೊಡೆದಿದ್ದರು. ನಮ್ಮನೆಯವರ ಎಡಗಣ್ಣು ಇದ್ದ ಜಾಗದಲ್ಲಿ ಹೊಲಿದ ಚರ್ಮ ಇತ್ತು. ಸರಳಿನ ಆಚೆಯಿಂದ ಅವರು ಕೇಳಿದ್ದು, "ಅವ್ವನ ಕೈ ಕೂಡೇತೇನು?" ಕೂಡಿತ್ತು, ಸೊಟ್ಟಾಗಿ ಕೂಡಿತ್ತು. ನಾನು ನೆಟ್ಟಗಿದೆ ಅಂದೆ.

ನಾನು ಹೆಚ್ಚಾಗಿ ವಿಜಾಪುರದಲ್ಲೇ ಉಳಿಯತೊಡಗಿದೆ. ಅತ್ತೆಯನ್ನೂ ಕರೆತಂದೆ. ಬೇಸಿಗೆ ಮುಗಿಯುವ ಹೊತ್ತು. ಒಂದು ದಿನ ಅಪ್ಪ ಕೋರ್ಟಿನಿಂದ ಹೊತ್ತಿಗೆ ಮುಂಚೆ ಬಂದರು. ಕೋಟು ಸಹ ತೆಗೆಯದೆ ಕಟ್ಟೆಯ ಮೇಲೆ ಕೂತು ಪತ್ರಿಕೆ ಬಿಡಿಸಿದರು. ಆಗ ಸುಪ್ರೀಂ ಕೋರ್ಟು ಇರಲಿಲ್ಲ. ದಿಲ್ಲಿಯಲ್ಲಿ ಫೆಡರಲ್ ಕೋರ್ಟು ಇತ್ತು. ಪ್ರಾಂತಗಳು ಮತ್ತು ದಿಲ್ಲಿಯ ನಡುವಿನ ಜಗಳ, ಸರ್ಕಾರ ತನ್ನ ಅಧಿಕಾರ ಮೀರಿತೋ ಇಲ್ಲವೋ ಎಂಬ ಪ್ರಶ್ನೆ, ಇವೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಬಂಗಾಲದ ಯಾರೋ ಕೈದಿಗಳ ಕೇಸಿನಲ್ಲಿ ಆ ಕೋರ್ಟು ಹೇಳಿತ್ತು: ಸ್ಪೆಶಲ್ ಕೋರ್ಟುಗಳು ಕಾನೂನಿನ ಪ್ರಕಾರ ಆದವಲ್ಲ.

ಅತ್ತೆಗೆ ಅರ್ಥವಾಗಲೆಂದು ಅಪ್ಪ ನಿಧಾನ ಹೇಳಿದರು. "ನೋಡ್ರಿ ಬೀಗತ್ಯಾರ, ಕಾನೂನು ಮಾಡೂ ಅಧಿಕಾರ ಗವರ್ನರ್ ಜನರಲ್ರಿಗೆ ಐತಿ. ಆದರ ಯಾವ ಕೇಸು ಯಾವ ಕೋರ್ಟಿಗೆ ಅನ್ನೂದನ್ನ ಅವರು ಕಾನೂನಿನಾಗ ಬರೀಬೇಕಾಗಿತ್ತು. ಬರೀಲಿಲ್ಲ. ಊರ ಅಧಿಕಾರಿ ಕೈಯಾಗ ಕೊಟ್ಟರು. ಅದು ನಡ್ಯೂದಿಲ್ಲಂತ ದಿಲ್ಲಿ ಕೋರ್ಟು ಹೇಳೇತಿ."

"ಹಂಗಾದ್ರ ನನ್ನ ಮಗಾ ಬರ್ತಾನೇನ್ರಿ?"

"ಬರಬೇಕ್ರಿ."

ಬಂಗಾಲದ ಕೈದಿಗಳು ಎಲ್ಲಿಯವರೋ. ಅವರ ಊರು ನನಗೆ ಗೊತ್ತಿಲ್ಲ, ಅವರಿಗೆ ತಿಕೋಟಾ ಗೊತ್ತಿಲ್ಲ. ಅವರಿಗೆ ಕೊಟ್ಟ ತೀರ್ಪು ನಮಗೂ ಹೇಗೆ ಮುಟ್ಟುತ್ತದೆಂದು ನಾನು ಕೇಳಿದೆ. ಆ ಕೋರ್ಟಿನ ಮಾತು ಎಲ್ಲ ಪ್ರಾಂತಗಳ ಎಲ್ಲ ಕೋರ್ಟುಗಳನ್ನೂ ಕಟ್ಟುತ್ತದೆ ಅಂದರು ಅಪ್ಪ. ಅತ್ತೆ ಸೊಟ್ಟ ಕೈಯಲ್ಲೇ ಹೋಳಿಗೆಗೆ ಕಡಲೆಬೇಳೆ ಬೇಯಲು ಇಟ್ಟರು.

ಹೋಳಿಗೆ ತಿನ್ನುವಂತಾಗಲಿಲ್ಲ. ತೀರ್ಪು ಬಂದ ಮರುದಿನವೇ ಸರ್ಕಾರ ಇನ್ನೊಂದು ಸುಗ್ರೀವಾಜ್ಞೆ ಹೊರಡಿಸಿತ್ತು. ಸ್ಪೆಶಲ್ ಕೋರ್ಟುಗಳು ರದ್ದು, ಆದರೆ ಅವು ಕೊಟ್ಟ ಶಿಕ್ಷೆಗಳು ಮಾಮೂಲಿ ಕೋರ್ಟು ಕೊಟ್ಟಂತೆಯೇ ನಡೆಯುತ್ತವೆ. ಆ ಸುದ್ದಿ ಓದಿ ಅಪ್ಪ ಕೈಯಲ್ಲಿದ್ದ ಹಿತ್ತಾಳೆಯ ಚರಿಗೆಯನ್ನು ಗೋಡೆಗೆ ಬೀಸಿ ಒಗೆದರು. ಗಿಲಾವು ಉದುರಿತು. ನನ್ನ ತಾಯಿ ಅಡುಗೆಮನೆಯಿಂದ ಓಡಿಬಂದು ಚರಿಗೆ ಎತ್ತಿಕೊಂಡು ಹೋದಳು.

ಅಪ್ಪ ಮತ್ತೆ ಪತ್ರಿಕೆ ಎತ್ತಿಕೊಂಡರು. ಆ ಸುದ್ದಿಯನ್ನು ಮೊದಲಿನಿಂದ ಸಾಲು ಸಾಲಾಗಿ ಓದಿದರು. ಆಮೇಲೆ ನನ್ನನ್ನು ಕರೆದರು.

"ಮಾಮೂಲಿ ಕೋರ್ಟು ಕೊಟ್ಟಂಗ ಅಂದ್ರ, ಮಾಮೂಲಿ ಕೋರ್ಟಿನ ಮ್ಯಾಲ ಇದ್ದಂಗ ಇದರ ಮ್ಯಾಲೂ ಅಪೀಲು ಐತಿ. ಮಂದೀನ್ನ ಬಿಟ್ಟಿಲ್ಲ. ಬಾಗಲಾ ಬಡ್ಯಾಕ ಬಿಟ್ಟಾರ."

ಅವರು ಕೋಟು ಹಾಕಿಕೊಂಡು ಮತ್ತೆ ಹೊರಟರು.

ಹೈಕೋರ್ಟು ನಮ್ಮ ಅಪೀಲು ಕೇಳುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಸ್ಪೆಶಲ್ ಜಡ್ಜ ಬರೆದ ಎರಡು ಸಾಲಿನಿಂದ ಸಾಕ್ಷಿ ಏನು ನೋಡಿದ, ಎಲ್ಲಿಂದ ನೋಡಿದ ಎಂದು ಏನೂ ತಿಳಿಯುವುದಿಲ್ಲ, ಇಷ್ಟರ ಮೇಲೆ ಒಬ್ಬನನ್ನು ಹತ್ತು ವರ್ಷ ಇಡಲಾಗದು, ಸೆಶನ್ಸ್ ಕೋರ್ಟಿನಲ್ಲಿ ಹೊಸದಾಗಿ ವಿಚಾರಣೆ ನಡೆಯಲಿ ಎಂದು ಹೇಳಿತು. ಹೀಗೆ ಎರಡನೆಯ ಸಲ ನಮ್ಮನೆಯವರನ್ನು ವಿಜಾಪುರಕ್ಕೆ ತಂದರು. ಈ ಸಲ ಅಪ್ಪನ ಕೋರ್ಟಿಗೆ ತಂದರು.

ಗೌಂಡಿ ಮತ್ತೆ ಬಂದ. ಫೌಜದಾರ ಬಾಗಿಲ ಬಳಿ ನಿಂತಿದ್ದ. ಅಪ್ಪ ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಜಡ್ಜ ಪೆನ್ನು ಎತ್ತಿಕೊಂಡು ಕಾದ.

ಗೌಂಡಿ ಕೈ ಮೇಲೆತ್ತಿದ. ಮೂರು ಬೆರಳು ಒಳಗೆ ಮಡಚಿ ಗಟ್ಟಿಯಾಗಿದ್ದವು. "ಚಾವಡಿ ಬಾಗಲದಾಗ ಇಟ್ಟು ಜಜ್ಜ್ಯಾರ್ರಿ. ಈ ಕೈಲೆ ಈಗ ಕರಣಿ ಹಿಡ್ಯಾಕ ಬರೂದಿಲ್ಲ. ಈ ಮನುಷ್ಯಾ ಹೊಡದದ್ದು ನಾ ನೋಡಿಲ್ರಿ. ಹೊಡದವ್ರು ಬ್ಯಾರೆ, ಅವ್ರ ಗುರ್ತು ನನಗಿಲ್ಲ."

"ಮೊದಲ ಯಾಕ ಬ್ಯಾರೆ ಹೇಳಿದಿ?" ಕೇಳಿದ್ದು ಸರ್ಕಾರಿ ವಕೀಲ.

"ಅವಾಗ ಈ ಫೌಜದಾರ್ರು ನನ್ನ ಹಿಂದ ನಿಂತಿದ್ರು. ಕೈ ಏನಾತಂತ ಕೇಳಿದ್ರ ಕೇಳಗೊಡಲಿಲ್ಲ. ಇವತ್ತ ಕೇಳಾಕತ್ತೀರಿ, ಹೇಳಾಕತ್ತೇನಿ."

ನಾನೂ ಕಟಕಟೆ ಹತ್ತಿದೆ. ಪೋಲೀಸ ಬಿದ್ದದ್ದನ್ನು, ಅವನನ್ನು ಮುತ್ತಿದ ಕಾಲುಗಳನ್ನು, ಗೂಟವನ್ನು ಹೇಳಿದೆ. ಸರ್ಕಾರಿ ವಕೀಲ ಕೇಳಿದ, "ನಿನ್ನ ಗಂಡ ಕಲ್ಲು ಒಗದನೋ ಇಲ್ಲೋ?" ಅಪ್ಪ ತಲೆ ಎತ್ತಲಿಲ್ಲ. ನಮ್ಮನೆಯವರು ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದರು.

"ಒಗದಾರ್ರಿ," ಅಂದೆ.

ಕೊಲೆಯ ಆರೋಪದಿಂದ ಬಿಟ್ಟರು. ದಂಗೆಯಲ್ಲಿ ಕೂಡಿದ್ದಕ್ಕೆ ಶಿಕ್ಷೆ ಕೊಟ್ಟು, ಅನುಭವಿಸಿದಷ್ಟೇ ಸಾಕು ಅಂದರು. ಕೋರ್ಟಿನ ಮೆಟ್ಟಿಲು ಇಳಿಯುವಾಗ ನಮ್ಮನೆಯವರು, "ಛಲೋ ಹೇಳಿದಿ," ಅಂದರು. ಅತ್ತೆ ಮಾತ್ರ ಎಷ್ಟೋ ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಆ ಸಾಕ್ಷಿ ಹೇಳಿ ಊರಿಗೆ ಮರಳುವ ದಾರಿಯಲ್ಲೇ ಗೌಂಡಿಯನ್ನು ಯಾರೋ ಬಸ್ಸಿನಿಂದ ಇಳಿಸಿಕೊಂಡು ಹೊಡೆದಿದ್ದರು. ಕಾಲು ಮುರಿದಿತ್ತು. ಯಾರೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವನನ್ನು ನೋಡಲು ನಾವಿಬ್ಬರೂ ಬಬಲೇಶ್ವರಕ್ಕೆ ಹೋದೆವು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಇಳಿದಾಗ ಇಬ್ಬರ ಮುಖವೂ ಮಸಿಯಾಗಿತ್ತು. ಸಂತೆಯ ಜಾಗ ದಾಟುವಾಗ ಒಬ್ಬ ಮನುಷ್ಯ ನಮ್ಮ ಎದುರು ಬಂದು ನಿಂತ. ಮಡಕೆಯವರ ಸಾಲಿನಲ್ಲಿ ಸತ್ತ ಹುಡುಗನ ಅಣ್ಣ ಅವನು. ವಿಚಾರಣೆ ನಡೆದಷ್ಟು ದಿನವೂ ಕೋರ್ಟಿನ ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಿದ್ದ.

"ಕೋರ್ಟು ಬಿಟ್ಟಿತೇನು?" ಅಂದ.

ನಮ್ಮನೆಯವರು ಕೈ ಮುಗಿದರು. ಮಾತಾಡಲು ಬಾಯಿ ತೆರೆದರು. ಅವನು ಧೋತರದ ಮರೆಯಿಂದ ಕುಡಗೋಲು ತೆಗೆದು ಬೀಸಿದ. ಎಡಗಣ್ಣು ಇಲ್ಲದ ಕಡೆಯಿಂದ ಬಂದ ಪೆಟ್ಟು, ಅವರಿಗೆ ಕಾಣಲೇ ಇಲ್ಲ. ಭುಜ ಸೀಳಿತು. ಎರಡನೆಯ ಸಲ ಬೀಸುವಾಗ ನಾನು ಅವನ ಕೈಗೆ ಜೋತುಬಿದ್ದೆ. ಅವನು ಝಾಡಿಸಿ ನನ್ನನ್ನು ನೆಲಕ್ಕೆ ಒಗೆದ. ಅಷ್ಟರಲ್ಲಿ ಅಂಗಡಿಯವರು ಓಡಿಬಂದು ಅವನನ್ನು ಕೆಡವಿ ತುಳಿಯತೊಡಗಿದರು. ಅದೇ ಜಾಗ, ಅದೇ ಕಾಲುಗಳು ಅನ್ನಿಸಿತು ನನಗೆ. ನಮ್ಮನೆಯವರು ರಕ್ತ ಸುರಿಯುವ ಭುಜ ಹಿಡಿದುಕೊಂಡು, "ಬಿಡ್ರಿ, ಸಾಯ್ತಾನ ಬಿಡ್ರಿ," ಎಂದು ಕೂಗುತ್ತಿದ್ದರು. ಪೋಲೀಸರು ಬಂದದ್ದರಿಂದ ಅವನ ಜೀವ ಉಳಿಯಿತು.

ವಿಜಾಪುರದ ದವಾಖಾನೆಯಲ್ಲಿ ನಮ್ಮನೆಯವರಿಗೆ ಹೊಲಿಗೆ ಹಾಕಿದರು. ಜಬಾನಿ ಬರೆಸಲು ನನ್ನನ್ನು ಠಾಣೆಗೆ ಕರೆಸಿದರು. ಗೋಡೆಯ ಆಚೆ ಆ ಮನುಷ್ಯನನ್ನು ಹೊಡೆಯುತ್ತಿದ್ದರು. ನಮ್ಮನೆಯವರ ಕೇಸು ಕೈತಪ್ಪಿ ಹೋಗಿದ್ದ ಆ ಫೌಜದಾರನ ದನಿಯೇ ಕೇಳುತ್ತಿತ್ತು. ಇವನ ಹಿಂದೆ ಇನ್ನೂ ಯಾರ್ಯಾರಿದ್ದಾರೆ ಎಂದು ಹೆಸರು ಕೇಳುತ್ತಿದ್ದ. ನಿಡೋಣಿಯವನು ಮೊದಲು ಬೈದ, ಆಮೇಲೆ ಅತ್ತ, ಆಮೇಲೆ ಅವನ ತಮ್ಮ ಕರೆದ ಹಾಗೆಯೇ ತಾಯಿಯನ್ನು ಕರೆದ. ನನ್ನ ಸೀರೆಯ ಮೇಲೆ ಇನ್ನೂ ನಮ್ಮನೆಯವರ ರಕ್ತ ಇತ್ತು. ಹೊಡೆಯಲಿ, ಇನ್ನೂ ಹೊಡೆಯಲಿ ಅನ್ನಿಸಿತು. ಮನೆಗೆ ಬಂದು ಅಪ್ಪನಿಗೆ ಹೇಳುವಾಗಲೂ ಸಮಾಧಾನದಿಂದಲೇ ಹೇಳಿದೆ.

ಅಪ್ಪ ಊಟ ಬಿಟ್ಟು ಎದ್ದರು. ಪೇಟ ಸುತ್ತಿಕೊಳ್ಳುತ್ತಿದ್ದರು.

"ಎಲ್ಲಿಗೆ ಹೊಂಟೀರಿ?"

"ಮ್ಯಾಜಿಸ್ಟ್ರೇಟ್ರ ಕಡೆ. ಅವನ್ನ ಠಾಣೆದಾಗಿಂದ ಹೊರಗ ತರಬೇಕು."

"ನಿಮ್ಮ ಅಳಿಯನ್ನ ಕಡದಾನ ಅವ."

"ಹೌದು. ಅದನ್ನ ಕೋರ್ಟಿನಾಗ ಹೇಳೂಣು. ನೀನೂ ಹೇಳು. ಅವನೂ ಒಬ್ಬ ವಕೀಲನ್ನ ಇಟ್ಟು ನಿನ್ನ ಕೇಳ್ಲಿ."

"ನನಗ ಅದು ಬ್ಯಾಡಪ್ಪಾ."

ಅಪ್ಪ ಪೇಟದ ತುದಿ ಸಿಕ್ಕಿಸಿಕೊಂಡರು. "ಬಂಗಲೆಯೊಳಗಿನ ಆ ಜಡ್ಜಗೂ ಅದು ಬ್ಯಾಡಾಗಿತ್ತವ್ವಾ," ಎಂದು ಹೊರಟುಹೋದರು. ನಾನು ಅವರ ಮೇಲೆ ಬಹಳ ದಿನ ಸಿಟ್ಟಾಗಿದ್ದೆ. ಅವತ್ತು ಸಂಜೆ ಆ ಮನುಷ್ಯನನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದರು. ಅವನಿಗೂ ದವಾಖಾನೆಗೆ ಚೀಟಿ ಕೊಟ್ಟರು. ಅಪ್ಪನಿಗೆ ಅವನು ಕೃತಜ್ಞತೆ ಹೇಳಲಿಲ್ಲ, ಮುಖಕ್ಕೆ ಉಗುಳಿದ. ಅಪ್ಪ ಟವೆಲಿನಿಂದ ಒರೆಸಿಕೊಂಡು ಮನೆಗೆ ಬಂದು ಸ್ನಾನ ಮಾಡಿದರು. ವಿಚಾರಣೆಯಲ್ಲಿ ಅವನ ವಕೀಲ ನನ್ನನ್ನು ಕಾಡಿಸಿ ಕಾಡಿಸಿ ಕೇಳಿದ. ಕೊನೆಗೆ ಅವನಿಗೆ ಎರಡು ವರ್ಷವಾಯಿತು.

ಯುದ್ಧ ಮುಗಿಯುವ ಸುಮಾರಿಗೆ ಇನ್ನೊಂದು ಸುದ್ದಿ ಬಂತು. ಸರ್ಕಾರ ಲಂಡನ್ನಿಗೆ ಅಪೀಲು ಹೋಗಿತ್ತು. ರಾಜನ ಹೆಸರಿನಲ್ಲಿ ಅಲ್ಲಿ ಕೂತಿದ್ದ ನ್ಯಾಯಾಧೀಶರು, ದಿಲ್ಲಿಯ ಕೋರ್ಟು ತಪ್ಪು ಹೇಳಿತ್ತು, ಸ್ಪೆಶಲ್ ಕೋರ್ಟುಗಳ ಆ ಸುಗ್ರೀವಾಜ್ಞೆ ಸರಿಯಾಗಿಯೇ ಇತ್ತು ಎಂದು ತೀರ್ಮಾನಿಸಿದರು. ಅಪ್ಪ ಅದನ್ನು ಓದಿ ಹೇಳಿದಾಗ ನಮ್ಮನೆಯವರು ಎತ್ತಿಗೆ ಹಗ್ಗ ಹೊಸೆಯುತ್ತಿದ್ದರು. ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಹಗ್ಗದ ಒಂದು ತುದಿಯನ್ನು ಕಾಲ ಬೆರಳಿಗೆ ಕಟ್ಟಿಕೊಂಡಿದ್ದರು.

"ಹಂಗಾದ್ರ ನಾ ಮತ್ತ ಜೈಲಿಗೆ ಹೋಗಬೇಕೇನ್ರಿ ಮಾವಾರ?"

"ಇಲ್ಲಪಾ. ನಿಂದು ಮುಗದೇತಿ. ದಿಲ್ಲಿಯವರು ಆ ಕಾನೂನು ಸತ್ತೇತಿ ಅಂದಿದ್ರು, ಲಂಡನ್ನಿನವರು ಇಲ್ಲ, ಬದುಕಿತ್ತು ಅಂತಾರ. ನಡುವ ಬಾಗಲಾ ತಗದಾಗ ನಾವು ದಾಟಿ ಬಂದೇವಿ."

ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯಲ್ಲಿ ರಾಜ್ಯಘಟನೆ, ಅಂದರೆ ದೇಶದ ಸಂವಿಧಾನ, ಬರೆಯುತ್ತಿದ್ದರು. ಅಪ್ಪನಿಗೆ ಬೇರೆ ಮಾತೇ ಇರಲಿಲ್ಲ. ತಿಕೋಟಾಕ್ಕೆ ಬಂದರೂ ಪತ್ರಿಕೆ ತರುತ್ತಿದ್ದರು. ಇನ್ನು ಮೇಲೆ ಲಂಡನ್ನಿಗೆ ಹೋಗುವುದಿಲ್ಲ, ದಿಲ್ಲಿಯ ಸುಪ್ರೀಂ ಕೋರ್ಟೇ ಕೊನೆ, ಹಕ್ಕಿಗೆ ಧಕ್ಕೆ ಬಂದರೆ ಯಾವ ಹಳ್ಳಿಯವನೂ ನೇರವಾಗಿ ಅಲ್ಲಿಗೆ ಹೋಗಬಹುದು ಎಂದು ಒಂದು ದಿನ ಹೊಲದ ಬಾವಿಯ ಕಟ್ಟೆಯ ಮೇಲೆ ಕೂತು ವಿವರಿಸಿದರು. ನಮ್ಮನೆಯವರು ಪೂರ್ತಿ ಕೇಳಿದರು.

"ಠಾಣೆದಾಗ ಹೊಡೀಬಾರದು ಅಂತ ಬರದಾರೇನ್ರಿ ಅದರಾಗ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಹಂಗ ಬಿಡಿಸಿ ಬರದಿಲ್ಲ. ಜೀವಕ್ಕ ಕಾನೂನಿನ ಹೊರತು ಧಕ್ಕಿ ತರಬಾರದು ಅಂತ ಬರದಾರ. ಅದರ ಅರ್ಥ ಏನಂತ ಇನ್ನ ಕೋರ್ಟಿನವರು ಹೇಳಬೇಕು."

"ಯಾವಾಗ ಹೇಳ್ತಾರ್ರಿ?"

"ಯಾರರೆ ಹೋಗಿ ಕೇಳಿದಾಗ."

ನಮ್ಮನೆಯವರು ತಲೆಯಾಡಿಸಿ, ಎತ್ತುಗಳಿಗೆ ನೀರು ಕುಡಿಸಲು ಎದ್ದರು.